ನಾಲ್ಕು ನೂಲು ನೀರು

ಹೂಂ ಅನ್ನಲು ಒಬ್ಬರು ಬೇಕು. ನೀನು ಅನ್ನುತ್ತೀಯಾ? ಸರಿ, ಹತ್ತಿರ ಬಾ. ನಡುವೆ ನಿದ್ದೆ ಮಾಡಿದರೆ ಕತೆ ನಿಲ್ಲಿಸಿಬಿಡುತ್ತೇನೆ.

ಪುಟ್ಟಮಾದಮ್ಮ ಅಂತ ಒಬ್ಬ ತಾಯಿ ಇದ್ದಳು. ಅವಳಿಗೆ ಬಿಳಿಗ ಅಂತ ಒಬ್ಬನೇ ಮಗ. ವಯಸ್ಸು ಇಪ್ಪತ್ತೆರಡು, ಎತ್ತರ ಬಾಗಿಲಷ್ಟು. ಸೋಮಾರಿಯಲ್ಲ, ಸುಳ್ಳನಲ್ಲ, ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಒಂದು ದಿನ ತಾಯಿ ಒಲೆಯ ಮೇಲೆ ಸಾರು ಇಟ್ಟು, "ಲೋ ಬಿಳಿಗ, ಸಾರಿಗೆ ಉಪ್ಪು ನೋಡು. ಇಲ್ಲದಿದ್ದರೆ ಒಂದು ಚಿಟಿಕೆ ಹಾಕು" ಅಂದು ನೀರಿಗೆ ಹೋದಳು. ಬಿಳಿಗ ಮಡಕೆಯೊಳಗೆ ನೋಡಿದ. ಉಪ್ಪು ಕಾಣಲಿಲ್ಲ. ಒಂದು ಚಿಟಿಕೆ ಹಾಕಿದ. ಮತ್ತೆ ನೋಡಿದ. ಕಾಣಲಿಲ್ಲ. ಮತ್ತೆ ಹಾಕಿದ. ತಾಯಿ ಕೊಡ ಹೊತ್ತು ಬರುವ ಹೊತ್ತಿಗೆ ಉಪ್ಪಿನ ಜಾಡಿ ಖಾಲಿ.

"ಏನು ಮಾಡಿದೆಯೋ?"

"ಉಪ್ಪು ನೋಡ್ತಾ ಇದ್ದೀನಿ ಅವ್ವ. ಇನ್ನೂ ಕಾಣಿಸ್ತಾ ಇಲ್ಲ."

ಪುಟ್ಟಮಾದಮ್ಮ ಕೊಡ ಇಳಿಸಿ, ತಲೆಯ ಮೇಲೆ ಕೈಹೊತ್ತು ಕೂತಳು. "ನಾನು ಸತ್ತರೆ ನಿನ್ನ ಗತಿ ಏನೋ ಮಗ?"

ಅದನ್ನೂ ಅವನು ಯೋಚಿಸಿದ. "ನೀನೇ ಹೇಳಿ ಹೋಗು ಅವ್ವ, ಹಾಗೇ ಮಾಡ್ತೀನಿ" ಅಂದ.

ಅವನ ಅಪ್ಪ ಸಿದ್ದಯ್ಯ. ಊರಾಚೆ ಒಂದು ಸರ್ಕಾರಿ ಬಂಗಲೆ, ಅದರ ಮುಂದೆ ದೊಡ್ಡ ಹುಲ್ಲುಹಾಸು. ಇಪ್ಪತ್ತಾರು ವರ್ಷ ಆ ಹುಲ್ಲನ್ನು ನೋಡಿಕೊಂಡವನು ಅವನು. ಹುಲ್ಲಿನಲ್ಲಿ ಆರು ಸ್ಪ್ರಿಂಕ್ಲರುಗಳಿದ್ದವು. ಊರಿನವರು ಅವಕ್ಕೆ ತಿರುಗೋ ನಲ್ಲಿ ಅನ್ನುತ್ತಿದ್ದರು. ಎಷ್ಟು ಹೊತ್ತು ತಿರುಗಿಸಬೇಕು, ಯಾವುದನ್ನು ಎಷ್ಟು ಬಿಗಿಯಬೇಕು ಅನ್ನುವುದು ಸಿದ್ದಯ್ಯನಿಗೆ ಮಾತ್ರ ಗೊತ್ತಿತ್ತು. ದೀಪಾವಳಿಗೆ ಎಂಟು ದಿನ ಇರುವಾಗ ಸಿದ್ದಯ್ಯ ತೀರಿಕೊಂಡ. ಲೆಕ್ಕ ಅವನ ಜೊತೆಗೇ ಹೋಯಿತು. ಹುಲ್ಲು ಒಂದು ಕಡೆ ಕೆಸರಾಯಿತು, ಒಂದು ಕಡೆ ಒಣಗಿತು.

ಅಪ್ಪನ ಕೆಲಸವನ್ನು ಮಗನಿಗೆ ಕೊಡುವುದು ಆಫೀಸಿನ ಪದ್ಧತಿ. ಆದರೆ ಮಗ ಬಿಳಿಗ. ಬಂಗಲೆಯ ಓವರ್ಸಿಯರ್ ಚನ್ನಕೇಶವಯ್ಯ ಪುಟ್ಟಮಾದಮ್ಮನನ್ನು ಕರೆಸಿ ಹೇಳಿದರು: "ನೋಡಮ್ಮ, ಒಂದು ತಿಂಗಳು ಅವನು ಕೆಲಸ ಮಾಡಲಿ. ತಿಂಗಳ ಕೊನೆಗೆ ದೊಡ್ಡ ಆಫೀಸಿನಿಂದ ಇಂಜಿನಿಯರಮ್ಮ ಬರ್ತಾರೆ. ಹುಲ್ಲು ಎಲ್ಲ ಕಡೆ ಒಂದೇ ಸಮ ಇದ್ದು, ನೀರಿನ ಅಳತೆ ಸರಿಯಾಗಿದ್ದರೆ ಕೆಲಸ ಅವನಿಗೆ. ಇಲ್ಲದಿದ್ದರೆ ಬೇರೆಯವರಿಗೆ. ಆಮೇಲೆ ನನ್ನ ಬೈಬೇಡ."

ಪುಟ್ಟಮಾದಮ್ಮ ಮಗನಿಗೆ ಅಪ್ಪನ ಟವೆಲನ್ನು ತಲೆಗೆ ಸುತ್ತಿ ಕಳಿಸಿದಳು. "ಓವರ್ಸಿಯರು ಏನು ಹೇಳ್ತಾರೋ ಅದನ್ನೇ ಮಾಡು" ಅಂದಳು. ಅಂದ ಮೇಲೆ ಯಾಕೆ ಅಂದೆನೋ ಅನ್ನಿಸಿತು. ಅಷ್ಟು ಹೊತ್ತಿಗೆ ಅವನು ಬೀದಿ ತಿರುಗಿಯಾಗಿತ್ತು.

ಓವರ್ಸಿಯರು ಬಂಗಲೆಯ ಅಡುಗೆಮನೆಯಿಂದ ಹಾಲಿನ ಪುಡಿಯ ಹನ್ನೆರಡು ಖಾಲಿ ಡಬ್ಬ ತರಿಸಿದರು. ಎಲ್ಲ ಒಂದೇ ಗಾತ್ರ, ನೇರ ಗೋಡೆ.

"ಇವನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಡು. ಅರ್ಧ ಗಂಟೆ ನೀರು ಬಿಡು. ಯಾವ ಡಬ್ಬಕ್ಕೆ ಎಷ್ಟು ನೀರು ಬಿತ್ತು ಅಂತ ಬಂದು ಹೇಳು. ಕಷ್ಟ ಏನಿಲ್ಲ."

"ಕಷ್ಟ ಏನಿಲ್ಲ" ಅಂದ ಬಿಳಿಗ.

ಡಬ್ಬ ಇಟ್ಟ. ನೀರು ಬಿಟ್ಟ. ವರಾಂಡದ ಗಡಿಯಾರ ನೋಡಿ ಸರಿಯಾಗಿ ಅರ್ಧ ಗಂಟೆಗೆ ನಿಲ್ಲಿಸಿದ. ಹೋಗಿ ಹೇಳಿದ: "ಒಂದು ಹನಿಯೂ ಬಿದ್ದಿಲ್ಲ ಸಾರ್. ಹನ್ನೆರಡೂ ಒಣಗಿವೆ."

"ನಿನ್ನ ಮೈಯೇ ತೊಪ್ಪೆ ಆಗಿದೆಯಲ್ಲೋ!"

"ನನ್ನ ಮೈ ನೋಡು ಅಂತ ನೀವು ಹೇಳಲಿಲ್ಲ ಸಾರ್."

ಓವರ್ಸಿಯರು ಎದ್ದು ಬಂದು ನೋಡಿದರು. ಹನ್ನೆರಡು ಡಬ್ಬ, ಹನ್ನೆರಡಕ್ಕೂ ಬಿಗಿಯಾಗಿ ಮುಚ್ಚಳ.

"ಮುಚ್ಚಳ ತೆಗೀಬೇಕು ಕಣೋ ಪೆದ್ದೇ. ನೀರು ಬಿಡೋ ಮುಂಚೆ ಮುಚ್ಚಳ ತೆಗಿ. ಮರೀಬೇಡ. ನೀರು ಬಿಡೋ ಮುಂಚೆ ಮುಚ್ಚಳ ತೆಗಿ."

ಬಿಳಿಗ ಮರೆಯಲಿಲ್ಲ. ಮನೆಗೆ ಹೋಗುತ್ತ ಹೇಳಿಕೊಂಡ, ಉಣ್ಣುತ್ತ ಹೇಳಿಕೊಂಡ. ಬೆಳಿಗ್ಗೆ ಡಬ್ಬಗಳ ಮುಚ್ಚಳ ತೆಗೆದ. ಆಮೇಲೆ ಸುತ್ತ ನೋಡಿದ. ತಿರುಗೋ ನಲ್ಲಿಗಳ ತಲೆಯ ಮೇಲೂ ಒಂದೊಂದು ಹಿತ್ತಾಳೆ ಮುಚ್ಚಳ. ಅವನ್ನೂ ತಿರುಗಿಸಿ ತೆಗೆದ. ಆರೂ ತೆಗೆದು ಸಾಲಾಗಿ ಮಣ್ಣಲ್ಲಿ ಇಟ್ಟ. ನೀರು ಬಿಟ್ಟ.

ನೀರು ತಿರುಗಲಿಲ್ಲ, ಚದುರಲಿಲ್ಲ. ಆರು ಕಂಬ ಆಗಿ ನೆಟ್ಟಗೆ ಮೇಲೆ ಹೋಯಿತು. ಮೇಲೆ ಹೋದದ್ದು ಗಾಳಿಗೆ ವಾಲಿ, ವರಾಂಡದಲ್ಲಿ ಪತ್ರಿಕೆ ಓದುತ್ತಿದ್ದ ಓವರ್ಸಿಯರ ಮೇಲೆ ಇಳಿಯಿತು.

"ಯಾರೋ ಅದನ್ನು ಬಿಚ್ಚಿದ್ದು?"

"ನಾನೇ ಸಾರ್. ನೀರು ಬಿಡೋ ಮುಂಚೆ ಮುಚ್ಚಳ ತೆಗಿ ಅಂದಿರಿ. ಇನ್ನೂ ಮೇಲೆ ಟ್ಯಾಂಕಿಂದು ಒಂದು ಉಳಿದಿದೆ. ಏಣಿ ಇಲ್ಲ."

ಓವರ್ಸಿಯರು ಕನ್ನಡಕ ಒರೆಸಿಕೊಂಡರು. ಒರೆಸಲು ಒಣಗಿದ ಜಾಗ ಪಂಚೆಯಲ್ಲಿ ಇರಲಿಲ್ಲ. "ನೀನು ಏನನ್ನೂ ಮುಟ್ಟಬೇಡಪ್ಪ. ಡಬ್ಬ ಇಟ್ಟು, ನೀರು ಬಿಟ್ಟು, ದೂರ ನಿಂತುಕೊ. ಏನಾದರೂ ಆಗಲಿ, ದೂರ ನಿಂತು ನೋಡು. ತಿಳೀತಾ?"

"ತಿಳೀತು ಸಾರ್. ದೂರ ನಿಂತು ನೋಡ್ತೀನಿ."

ಬಿಚ್ಚಿಟ್ಟ ಹಿತ್ತಾಳೆ ತಲೆಗಳನ್ನು ಓವರ್ಸಿಯರೇ ಮತ್ತೆ ಕೂರಿಸಿದರು. ಮಣ್ಣು ಒರೆಸದೆ ಕೂರಿಸಿದರು. ಅವರಿಗೂ ತಲೆ ಕೆಟ್ಟಿತ್ತು.

ಮಾರನೆಯ ದಿನ ಬಿಳಿಗ ಡಬ್ಬ ಇಟ್ಟ, ನೀರು ಬಿಟ್ಟ, ನಿಲ್ಲಿಸಿದ, ದೂರ ಹೋಗಿ ಬೇಲಿಯ ಹತ್ತಿರ ನಿಂತ. ಗೇಟಿನಿಂದ ಒಂದು ಎಮ್ಮೆ ಬಂತು. ಬಿಳಿಗ ನೋಡಿದ. ಎಮ್ಮೆ ಹುಲ್ಲಿಗೆ ಇಳಿಯಿತು. ಬಿಳಿಗ ನೋಡಿದ. ಮೊದಲ ಡಬ್ಬಕ್ಕೆ ಮೂತಿ ಹಾಕಿತು. ಬಿಳಿಗ ನೋಡಿದ.

ಓವರ್ಸಿಯರು ಬಂದಾಗ ವಿವರವಾಗಿ ಹೇಳಿದ: "ಒಂದನೇ ಡಬ್ಬದ್ದು ಎರಡು ಗುಟುಕಿಗೆ ಕುಡೀತು ಸಾರ್. ಎರಡನೇದೂ ಎರಡು ಗುಟುಕು. ಏಳನೇದರಲ್ಲಿ ಏನೂ ಸಿಗಲಿಲ್ಲ, ಬರೀ ನೆಕ್ಕಿತು. ಹತ್ತನೇದನ್ನು ಒದ್ದು ಹೋಯ್ತು. ಸಗಣಿ ಹಾಕಿದ್ದು ಎರಡು ಕಡೆ."

"ನೀನು ಎಲ್ಲಿದ್ದೆ?"

"ದೂರ."

"ಓಡಿಸೋಕೆ ಏನಾಗಿತ್ತೋ?"

"ಏನಾದರೂ ಆಗಲಿ, ದೂರ ನಿಂತು ನೋಡು ಅಂದಿರಿ."

ಓವರ್ಸಿಯರು ಆಕಾಶ ನೋಡಿದರು. "ಇನ್ನು ಮೇಲೆ ಈ ಹುಲ್ಲಿನ ಮೇಲೆ ಯಾರು ಕಾಲಿಟ್ಟರೂ ಓಡಿಸು. ಎಮ್ಮೆ ಆಗಲಿ, ಮನುಷ್ಯ ಆಗಲಿ. ಯಾರು ಕಾಲಿಟ್ಟರೂ ಸರಿ, ಗೇಟಿನ ಆಚೆಗೆ ಓಡಿಸು."

ಸಂಜೆ ತಾಯಿಯೂ ಅದನ್ನೇ ಹೇಳಿದಳು. "ಯಾರು ಕಾಲಿಟ್ಟರೂ ಓಡಿಸು ಮಗ. ನಾಚಿಕೊಂಡು ನಿಲ್ಲಬೇಡ."

ಬೆಳಿಗ್ಗೆ ಬಿಳಿಗ ಒಂದು ಕೋಲು ಹಿಡಿದು ಬಂದ. ಡಬ್ಬಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹುಲ್ಲಿಗೆ ಕಾಲಿಟ್ಟ. ನಿಂತ. ಕೆಳಗೆ ನೋಡಿದ. ಹುಲ್ಲಿನ ಮೇಲೆ ಒಂದು ಕಾಲು ಇತ್ತು. ಪಕ್ಕದಲ್ಲಿ ಇನ್ನೊಂದು.

"ಏಯ್, ಆಚೆ ನಡಿ" ಅಂದ. ಕೋಲಿನಿಂದ ತನ್ನ ಮೊಣಕಾಲಿಗೆ ಒಂದು ಕೊಟ್ಟ. ನೋವಾಯಿತು, ಓಡಿದ. ಗೇಟಿನ ಆಚೆಗೆ ಹೋಗಿ ನಿಂತ. ಡಬ್ಬ ಇಡಬೇಕಲ್ಲ, ಮತ್ತೆ ಒಳಗೆ ಬಂದ. ಮತ್ತೆ ಹುಲ್ಲಿನ ಮೇಲೆ ಅದೇ ಕಾಲು. "ಈಗ ತಾನೆ ಹೇಳಲಿಲ್ಲವಾ ನಿಂಗೆ?" ಮತ್ತೆ ಒಂದು ಏಟು, ಮತ್ತೆ ಓಟ. ಓವರ್ಸಿಯರು ಬರುವ ಹೊತ್ತಿಗೆ ಅವನು ಹನ್ನೊಂದು ಸಲ ಗೇಟು ದಾಟಿದ್ದ.

"ಯಾಕೋ ಓಡ್ತಾ ಇದ್ದೀಯ?"

"ನನ್ನನ್ನ ಓಡಿಸ್ತಾ ಇದ್ದೀನಿ ಸಾರ್. ಎಷ್ಟು ಹೇಳಿದರೂ ಕೇಳ್ತಾ ಇಲ್ಲ."

"ಯಾರು ಕೇಳ್ತಾ ಇಲ್ಲ?"

"ನಾನು."

ಓವರ್ಸಿಯರಿಗೆ ಒಂದು ಕ್ಷಣ ಯಾರ ಮೇಲೆ ಸಿಟ್ಟು ಮಾಡಬೇಕು ಅನ್ನುವುದೇ ತಿಳಿಯಲಿಲ್ಲ. ಕೋಲು ಕಿತ್ತುಕೊಂಡರು. "ನಿನ್ನನ್ನು ಬಿಟ್ಟು ಉಳಿದವರನ್ನು ಓಡಿಸೋ. ಈಗ ಸರಿಯಾಗಿ ಕೇಳು. ಈ ಹುಲ್ಲಿಗೆ ಒಂದು ಸಲಕ್ಕೆ ಅರ್ಧ ಅಂಗುಲ ನೀರು ಬೇಕು. ಅಂದರೆ ಡಬ್ಬದಲ್ಲಿ ನಾಲ್ಕು ನೂಲು. ಪ್ರತಿ ಡಬ್ಬದಲ್ಲೂ ನಾಲ್ಕು ನೂಲು ಇರಬೇಕು. ನಾಲ್ಕಿದ್ದರೆ ಸರಿ, ಕಮ್ಮಿಯಿದ್ದರೆ ತಪ್ಪು."

ಗಾರೆಯವರು, ಬಡಗಿಗಳು ಅಂಗುಲದ ಎಂಟನೇ ಒಂದು ಪಾಲಿಗೆ ನೂಲು ಅನ್ನುತ್ತಾರೆ. ಓವರ್ಸಿಯರು ಗಾರೆಯವರ ನಡುವೆ ಬೆಳೆದವರು. ಬಿಳಿಗ ಬೆಳೆದದ್ದು ಪುಟ್ಟಮಾದಮ್ಮನ ಹತ್ತಿರ. ಮನೆಗೆ ಹೋಗಿ, "ಅವ್ವ, ನೂಲು ಕೊಡು" ಅಂದ.

"ಎಷ್ಟು?"

"ಡಬ್ಬಕ್ಕೆ ನಾಲ್ಕು. ಹನ್ನೆರಡು ಡಬ್ಬ."

ಎಮ್ಮೆ ಒದೆಯದ ಹಾಗೆ ಡಬ್ಬ ಕಟ್ಟುತ್ತಾರೇನೋ ಅಂದುಕೊಂಡು ತಾಯಿ ನೂಲಿನ ಉಂಡೆಯಿಂದ ಗೇಣುದ್ದದ ನಲವತ್ತೆಂಟು ಎಳೆ ಕತ್ತರಿಸಿ ಕೊಟ್ಟಳು. ಎರಡು ಸಲ ಎಣಿಸಿ ಕೊಟ್ಟಳು. ಮಗನ ಕೆಲಸ ತಪ್ಪಬಾರದಲ್ಲ.

ಮಾರನೆಯ ದಿನ ಓವರ್ಸಿಯರು ಡಬ್ಬದೊಳಗೆ ಬಗ್ಗಿ ನೋಡಿದರು. ನೀರಿನಲ್ಲಿ ಏನೋ ತೇಲುತ್ತಿತ್ತು. ಹುಳ ಅಂದುಕೊಂಡು ಹಿಂದೆ ಸರಿದರು.

"ಏನೋ ಇದು?"

"ನೂಲು ಸಾರ್. ನಾಲ್ಕಿದೆ, ಎಣಿಸಿ. ಹನ್ನೆರಡರಲ್ಲೂ ನಾಲ್ಕು. ಐದನೇದರಲ್ಲಿ ಒಂದು ಗಾಳಿಗೆ ಹಾರಿ ಹೋಗಿತ್ತು, ಹುಡುಕಿ ತಂದು ಹಾಕಿದೆ."

ಅವತ್ತು ಓವರ್ಸಿಯರು ಬೈಯಲಿಲ್ಲ. ಬೈಗುಳ ಮುಗಿದಿರಬೇಕು. ಒಳಗೆ ಹೋಗಿ ಉಕ್ಕಿನ ಸ್ಕೇಲು ತಂದು, ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತೋರಿಸಿದರು. "ಇದು ಒಂದಂಗುಲ. ಇದರಲ್ಲಿ ಎಂಟು ಗೀಟು. ಒಂದು ಗೀಟು ಒಂದು ನೂಲು. ಸ್ಕೇಲನ್ನು ಡಬ್ಬದ ತಳಕ್ಕೆ ಮುಟ್ಟಿಸು. ನೀರು ಯಾವ ಗೀಟಿಗೆ ನಿಂತಿದೆಯೋ ಅದೇ ಅಳತೆ. ಇದ್ದದ್ದನ್ನು ಇದ್ದ ಹಾಗೆ ಹೇಳು. ಅಂದಾಜು ಬೇಡ."

ಇದು ಬಿಳಿಗನಿಗೆ ಹಿಡಿಸಿತು. ಸ್ಕೇಲು ಒಂದು ಮಾತು ಹೇಳಿ ಇನ್ನೊಂದು ಅರ್ಥ ಇಟ್ಟುಕೊಳ್ಳುವುದಿಲ್ಲ. ಹನ್ನೆರಡು ಡಬ್ಬವನ್ನೂ ಅಳತೆ ತೆಗೆದು, ಮೊದಲಿಂದ ಕೊನೆಯವರೆಗೆ ಬಾಯಿಪಾಠವಾಗಿ ಹೇಳಿದ. ಒಂದನೇದು ಏಳು ನೂಲು. ಎರಡನೇದು ಆರು. ಮೂರನೇದು, ನಾಲ್ಕನೇದು, ಐದನೇದು ತಲಾ ನಾಲ್ಕು. ಹೀಗೆ ಹೋಗಿ, ಏಳನೇದು ಒಂದೇ ನೂಲು, ಎಂಟನೇದು ಎರಡು.

"ಅದಕ್ಕೇ ಅಲ್ಲಿ ಕೆಸರು, ಇಲ್ಲಿ ಒಣಗಿದ್ದು" ಅಂದರು ಓವರ್ಸಿಯರು. "ಜಾಸ್ತಿ ಇರೋ ಕಡೆ ಕಮ್ಮಿ ಮಾಡು, ಕಮ್ಮಿ ಇರೋ ಕಡೆ ಜಾಸ್ತಿ ಮಾಡು. ನಾಳೆ ನಾನು ನೋಡುವಾಗ ಹನ್ನೆರಡೂ ಸಮ ಇರಬೇಕು."

ನಾಳೆ ನೋಡಿದರು. ಹನ್ನೆರಡೂ ಸಮ ಇತ್ತು. ಯಾವ ಡಬ್ಬಕ್ಕೆ ಸ್ಕೇಲು ಇಟ್ಟರೂ ನಾಲ್ಕು ನೂಲು. ಓವರ್ಸಿಯರಿಗೆ ಎಷ್ಟು ಸಂತೋಷವಾಯಿತೆಂದರೆ ಅವನಿಗೆ ತಮ್ಮ ಕೈಯಿಂದಲೇ ಟೀ ಕೊಟ್ಟರು. ದೊಡ್ಡ ಆಫೀಸಿಗೆ ಫೋನು ಮಾಡಿ, "ಹುಲ್ಲು ಸರಿಹೋಯ್ತು ಮೇಡಂ, ಹೇಳಿದ ದಿನಕ್ಕೆ ಬನ್ನಿ" ಅಂದರು. ಪುಟ್ಟಮಾದಮ್ಮ ಅವತ್ತು ಪಾಯಸ ಮಾಡಿದಳು.

ನಾಲ್ಕು ದಿನ ಕಳೆಯಿತು. ಏಳನೇ ಡಬ್ಬದ ಹತ್ತಿರ ಹುಲ್ಲು ಹಳೇ ಚಾಪೆಯ ಹಾಗೆ ಹಳದಿಯಾಗಿಯೇ ಇತ್ತು. ಒಂದನೇ ಡಬ್ಬದ ಹತ್ತಿರ ಕಾಲಿಟ್ಟರೆ ಪಚಕ್ ಅನ್ನುತ್ತಿತ್ತು.

"ಡಬ್ಬ ಸಮ ಇದೆಯಲ್ಲೋ. ಹುಲ್ಲಿಗೆ ಏನಾಗಿದೆ?"

"ಡಬ್ಬ ಸಮ ಇದೆ ಸಾರ್. ದಿನಾ ಸಮ ಮಾಡ್ತೀನಿ."

"ಹೇಗೆ ಮಾಡ್ತೀಯ?"

"ಒಂದನೇದರಿಂದ ಮೂರು ನೂಲು ತೆಗೆದು ಏಳನೇದಕ್ಕೆ ಹುಯ್ತೀನಿ. ಎರಡನೇದರಿಂದ ಎರಡು ತೆಗೆದು ಎಂಟನೇದಕ್ಕೆ. ಬಗ್ಗಿಸುವಾಗ ಚೆಲ್ಲಲ್ಲ ಸಾರ್, ಹುಷಾರಾಗಿ ಹುಯ್ತೀನಿ."

ಓವರ್ಸಿಯರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ಅಂದರು: "ತಪ್ಪು ಹುಡುಕೋಣ ಅಂದರೆ ನಾನೇ ಹಾಗೆ ಹೇಳಿದ್ದೀನಿ. ಡಬ್ಬ ಬಿಡು, ನಲ್ಲಿ ನೋಡು. ಏಳನೇ ಡಬ್ಬದ ಹತ್ತಿರ ಇರೋ ನಲ್ಲಿಯ ಬಾಯಿ ಬಿಡಿಸಿ, ಒಳಗೆ ಏನು ಸಿಕ್ಕಿಕೊಂಡಿದೆ ನೋಡು."

ಮಧ್ಯಾಹ್ನ ಪುಟ್ಟಮಾದಮ್ಮ ಬುತ್ತಿ ತಂದಾಗ ಮಗ ನಲ್ಲಿಯ ಮುಂದೆ ಮಂಡಿಯೂರಿ ಕೂತಿದ್ದ.

"ಬಾಯಿ ಬಿಡು" ಅನ್ನುತ್ತಿದ್ದ. "ಬಾಯಿ ಬಿಡು, ಓವರ್ಸಿಯರು ಹೇಳಿದ್ದಾರೆ. ಅವ್ವ, ಬೆಳಿಗ್ಗೆಯಿಂದ ಕೇಳ್ತಾ ಇದ್ದೀನಿ, ಬಾಯೇ ಬಿಡ್ತಾ ಇಲ್ಲ ಇದು."

"ಇಪ್ಪತ್ತೆರಡು ವರ್ಷದಿಂದ ನನ್ನದೂ ಇದೇ ಪಾಡು" ಅಂದಳು ತಾಯಿ. ಬುತ್ತಿ ಕೆಳಗಿಟ್ಟಳು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ನಲ್ಲಿಯ ತೂತಿಗೆ ಹಾಕಿ ಮೀಟಿದಳು. ಮಣ್ಣಿನ ಒಂದು ಗಟ್ಟಿ ಉಂಡೆ ಹೊರಗೆ ಬಂತು. ಆಮೇಲೆ ಮಗನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ನನ್ನ ಮುಖ ನೋಡು. ದಿನಾ ಬೆಳಿಗ್ಗೆ ಅರ್ಧ ಗಂಟೆ ನೀರು ಬಿಡು. ಅಳತೆ ತಗೊ. ನಾಲ್ಕು ನೂಲಿಗಿಂತ ಕಮ್ಮಿ ಬಿದ್ದ ಕಡೆ, ಹತ್ತಿರದ ನಲ್ಲಿಯ ತಿರುಪನ್ನು ಕಾಲು ಸುತ್ತು ಬಿಚ್ಚು. ಜಾಸ್ತಿ ಬಿದ್ದ ಕಡೆ ಕಾಲು ಸುತ್ತು ಬಿಗಿ. ಡಬ್ಬದ ನೀರು ಮುಟ್ಟಬೇಡ. ಮಾರನೆಯ ದಿನ ಮತ್ತೆ ಅಳತೆ ತಗೊ. ಲೆಕ್ಕ ನನಗೆ ಗೊತ್ತಿಲ್ಲ, ಆದರೆ ನಿಮ್ಮಪ್ಪ ಹೀಗೇ ಮಾಡ್ತಿದ್ದ, ಬುತ್ತಿ ತಂದಾಗ ನೋಡಿದ್ದೀನಿ. ಈಗ ನೀನು ಹೇಳು."

ಬಿಳಿಗ ಒಂದಕ್ಷರ ಬಿಡದೆ ಹೇಳಿದ. "ನನ್ನ ಮುಖ ನೋಡು" ಅನ್ನುವುದನ್ನೂ ಸೇರಿಸಿ ಹೇಳಿದ.

ಹೇಳಿದ ಹಾಗೇ ಮಾಡಿದ. ದಿನಕ್ಕೆ ಕಾಲು ಸುತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಏಳನೇ ಡಬ್ಬ ಒಂದರಿಂದ ಎರಡಕ್ಕೆ ಬಂತು, ಎರಡರಿಂದ ಮೂರಕ್ಕೆ. ಒಂದನೇದು ಏಳರಿಂದ ಇಳಿಯಿತು. ಬೇರೆ ಯಾರೇ ಆಗಿದ್ದರೂ ಇನ್ನು ಸಾಕು ಅನ್ನುತ್ತಿದ್ದರು. ಅವನಿಗೆ ಸಾಕು ಅನ್ನು ಅಂತ ಯಾರೂ ಹೇಳಿರಲಿಲ್ಲ. ಹಳೇ ಚಾಪೆಯ ನಡುವೆ ಹಸಿರು ಎಳೆ ಕಾಣಿಸಿಕೊಂಡಿತು.

ತಿಂಗಳು ಮುಗಿಯಿತು. ಇಂಜಿನಿಯರಮ್ಮ ಜೀಪಿನಿಂದ ಇಳಿದರು. ಶಿವಲೀಲಾ ಅಂತ ಹೆಸರು, ಧಾರವಾಡದ ಕಡೆಯವರು. ಬಿಳಿಗ ಬೆಳಿಗ್ಗೆಯೇ ನೀರು ಬಿಟ್ಟು, ಅಳತೆ ತೆಗೆದು, ಡಬ್ಬಗಳನ್ನು ಇದ್ದಲ್ಲೇ ಬಿಟ್ಟು ಕೈಕಟ್ಟಿ ನಿಂತಿದ್ದ. ಪುಟ್ಟಮಾದಮ್ಮ ಬೇಲಿಯ ಆಚೆ ನಿಂತಿದ್ದಳು. ಮಗನನ್ನು ಒಳಗೆ ಬಿಟ್ಟ ಮೇಲೆ ಅವಳು ಅಲ್ಲಿಂದ ಕದಲಿರಲಿಲ್ಲ.

"ನಿಮ್ಮ ತಂದೀಯವರ ಕೆಲಸ ನಾ ನೋಡೀನ್ರಿ" ಅಂದರು ಇಂಜಿನಿಯರಮ್ಮ. "ಭಾಳ ಛಲೋ ಇತ್ತು."

ಬಿಳಿಗ ಹಿಂದೆ ತಿರುಗಿ ನೋಡಿದ. ಅವನನ್ನು ಇದುವರೆಗೆ ಯಾರೂ ರೀ ಅಂದಿರಲಿಲ್ಲ. ಹಿಂದೆ ಯಾರೂ ಇರಲಿಲ್ಲ.

"ಈಗ ನೀವ ಒಬ್ಬರ ಹೋಗಿ ಅಳೀರಿ. ಒಂದೊಂದು ಡಬ್ಬಿ ಮುಂದ ಕುಂತು, ಸಾವಕಾಶ ಅಳೀರಿ. ಅರ್ಧಾಮರ್ಧ ಬ್ಯಾಡ, ಹನ್ನೆರಡೂ ಅಳೀರಿ. ನಾ ಚಾ ಕುಡದು ಬರ್ತೀನಿ."

ಅಳೀರಿ ಅಂದರೆ ಅವರ ಕಡೆ ಅಳತೆ ಮಾಡಿ ಅಂತ. ಓವರ್ಸಿಯರಾಗಲಿ, ತಾಯಿಯಾಗಲಿ ಯಾವತ್ತೂ 'ಅಳತೆ ತಗೊ' ಅಂದವರೇ ಹೊರತು ಹಾಗೆ ಅಂದವರಲ್ಲ. ಬಿಳಿಗನಿಗೆ ಕೇಳಿಸಿದ್ದು ಅಳು ಅಂತ. ಇಷ್ಟು ಮರ್ಯಾದೆಯಾಗಿ ಅಳು ಅಂತ ಯಾರು ಹೇಳುತ್ತಾರೆ? ಅವನಿಗೆ ಗಲಿಬಿಲಿಯಾಯಿತು. ಓವರ್ಸಿಯರ ಮುಖ ನೋಡಿದ. ಓವರ್ಸಿಯರು, "ಹೋಗೋ, ಅವರು ಹೇಳಿದ ಹಾಗೆ ಮಾಡು" ಎಂದು ಕಣ್ಣಲ್ಲೇ ಗದರಿಸಿದರು.

ಹೋದ. ಒಂದನೇ ಡಬ್ಬದ ಮುಂದೆ ಕೂತ. ಅಳು ಬರಲಿಲ್ಲ. ಸಾವಕಾಶ ಅಂದಿದ್ದಾರೆ, ಕಾದ. ಎರಡನೇದರ ಮುಂದೆ ಮೂಗು ಉರಿಯಿತು. ಮೂರನೇದರ ಮುಂದೆ ಕೂತಾಗ, ಅಪ್ಪ ಅಲ್ಲೇ ಕೂತು ಬೀಡಿ ಹಚ್ಚುತ್ತಿದ್ದದ್ದು ನೆನಪಾಯಿತು. ಆಮೇಲೆ ಕಾಯಬೇಕಾಗಲಿಲ್ಲ. ನಾಲ್ಕು, ಐದು, ಆರು, ಒಂದನ್ನೂ ಬಿಡದೆ ಒಂದೇ ಸಮ ಅತ್ತುಕೊಂಡು ಬಂದ. ಏಳನೇ ಡಬ್ಬದ ಹತ್ತಿರ ದನಿಯೂ ಹೊರಬಿತ್ತು, ಕಣ್ಣೀರು ಡಬ್ಬದೊಳಗೇ ಬಿತ್ತು.

ಪುಟ್ಟಮಾದಮ್ಮ ಬೇಲಿ ಸಂದಿನಿಂದ ನುಸುಳಿ ಓಡಿ ಬಂದಳು. "ಏನಾಯ್ತೋ? ಬೈದರಾ? ಕೆಲಸ ಹೋಯ್ತಾ?"

"ಇಲ್ಲ ಅವ್ವ. ಅಮ್ಮಾವರು ಅಳಿ ಅಂದರು. ಹನ್ನೆರಡೂ ಅಳಬೇಕು. ಇನ್ನೂ ಐದಿದೆ."

"ಯಾಕಂತೆ?"

"ಗೊತ್ತಿಲ್ಲ. ಅಪ್ಪ ಹೋದ ದಿನ ದೊಡ್ಡಪ್ಪ ಅಳಬೇಡ ಅಂದ. ನೀನು ಅತ್ತರೆ ನಿಮ್ಮವ್ವನ್ನ ಹಿಡ್ಕೊಳ್ಳೋರು ಯಾರು, ಅವಳನ್ನ ಹಿಡ್ಕೊ ಅಂದ. ಅದಕ್ಕೆ ಅಳಲಿಲ್ಲ, ನಿನ್ನ ಹಿಡ್ಕೊಂಡಿದ್ದೆ. ಇವತ್ತು ಅಳಿ ಅಂದರು."

ಪುಟ್ಟಮಾದಮ್ಮನಿಗೆ ತನ್ನ ತೋಳಿನ ನೆನಪಾಯಿತು. ಅವತ್ತು ಅವನು ಹಿಡಿದ ಹಿಡಿತ ಸಂಜೆಯಾದರೂ ಬಿಟ್ಟಿರಲಿಲ್ಲ. ಬೆರಳಿನ ಗುರುತು ವಾರ ಇತ್ತು. ಇವನಿಗೆ ಅಪ್ಪ ಹೋದದ್ದೂ ತಿಳಿಯಲಿಲ್ಲ ಎಂದು ಅವಳು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದಳು. ಅವನ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತಳು.

ಇಂಜಿನಿಯರಮ್ಮ ಚಹಾ ಮುಗಿಸಿ ಬಂದರು. ತಾಯಿ, ಮಗ ಇಬ್ಬರೂ ಡಬ್ಬದ ಮುಂದೆ ಕೂತು ಅಳುತ್ತಿದ್ದರು. ಅವರು ಪಕ್ಕಕ್ಕೆ ಬಂದು ಬಗ್ಗಿದರು. ಆಮೇಲೆ ಮೆತ್ತಗೆ ಹೇಳಿದರು: "ಅಳೂದು ಆಮ್ಯಾಲೆ ಆಗಲಿ. ಮೊದಲ ಅಳೀರಿ."

ಬಿಳಿಗ ಮುಖ ಎತ್ತಿದ. ಅಳುವುದು ಆಮೇಲೆ. ಮೊದಲು ಅಳಬೇಕು. ಅವನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡ. "ಅವ್ವ, ಈಗ ನಿಲ್ಲಿಸಲಾ, ಅಳಲಾ?"

ಪುಟ್ಟಮಾದಮ್ಮನಿಗೆ ಆಗ ಗೊತ್ತಾಯಿತು. "ಅಳತೆ ಮಗ, ಅಳತೆ. ಅಳತೆ ಹೇಳು" ಅಂದಳು.

"ಅಳತೆನಾ? ಅದನ್ನ ಬೆಳಿಗ್ಗೇನೇ ತಗೊಂಡಿದ್ದೀನಿ." ಕಣ್ಣು ಒರೆಸಿಕೊಂಡು ಎದ್ದು ನಿಂತು ಹೇಳಿದ. "ಒಂದನೇದು ನಾಲ್ಕು ನೂಲು. ಎರಡನೇದು ನಾಲ್ಕು. ಮೂರನೇದು ನಾಲ್ಕಕ್ಕೆ ಕೂದಲಷ್ಟು ಕಮ್ಮಿ. ನಾಲ್ಕನೇದರಿಂದ ಹತ್ತನೇದರವರೆಗೆ ನಾಲ್ಕು. ಹನ್ನೊಂದನೇದು ನಾಲ್ಕೂವರೆ, ಬೆಳಿಗ್ಗೆ ಆ ಕಡೆಗೆ ಗಾಳಿ ಇತ್ತು. ಹನ್ನೆರಡು, ನಾಲ್ಕು."

ಇಂಜಿನಿಯರಮ್ಮ ಸ್ಕೇಲು ತೆಗೆದುಕೊಂಡು ತಾವೇ ಒಂದೊಂದಾಗಿ ನೋಡುತ್ತ ಹೋದರು. ಅವನು ಹೇಳಿದ ಹಾಗೇ ಇತ್ತು. ಏಳನೇದರ ಹತ್ತಿರ ನಿಂತರು. "ಇದು ನಾಲ್ಕಕ್ಕ ಒಂದೀಟ ಹೆಚ್ಚೈತಲ್ರಿ?"

"ಹೆಚ್ಚಿನದು ನಂದು" ಅಂದ ಬಿಳಿಗ. "ಅದನ್ನ ಕಳೀಬೇಕು."

ಅವರು ಸ್ಕೇಲನ್ನು ಸೆರಗಿನಲ್ಲಿ ಒರೆಸಿ ಅವನ ಕೈಗೇ ಕೊಟ್ಟರು. ಓವರ್ಸಿಯರ ಕಡೆ ತಿರುಗಿದರು. "ನಿಮ್ಮ ಪುಸ್ತಕದಾಗ ಎಲ್ಲಾ ಕಡೆ 'ಸುಮಾರು' ಅಂತ ಬರದೀರಿ. ಇವರ ಬಾಯಾಗ ಆ ಮಾತ ಬರಲಿಲ್ಲ. ಇವರ ಕೆಲಸದ ಕಾಗದಕ್ಕ ನಾ ಇವತ್ತ ಸಹಿ ಹಾಕತೀನಿ." ಜೀಪು ಹತ್ತುವಾಗ ಮತ್ತೆ ಕೂಗಿ ಹೇಳಿದರು: "ದಿನಾ ಬ್ಯಾಡ್ರಿ. ಇನ್ನ ಮ್ಯಾಲೆ ತಿಂಗಳಿಗೊಮ್ಮೆ ಅಳೀರಿ, ಒಂದನೇ ತಾರೀಕಿಗೆ. ಸಾಕು."

"ಆಗಲಿ ಅಮ್ಮಾವ್ರೇ" ಅಂದ ಬಿಳಿಗ.

ಪುಟ್ಟಮಾದಮ್ಮ ತಿದ್ದಲು ಬಾಯಿ ತೆರೆದಳು. ತಿಂಗಳಿಗೊಮ್ಮೆ ತಾನೆ ಅನ್ನಿಸಿ, ಬಿಟ್ಟಳು.

ಹಾಗಾಗಿ ಒಂದನೇ ತಾರೀಕು ಬಂದರೆ ಬಿಳಿಗ ಡಬ್ಬ ಇಡುತ್ತಿದ್ದ, ಮುಚ್ಚಳ ತೆಗೆದು ಇಡುತ್ತಿದ್ದ. ಅರ್ಧ ಗಂಟೆ ನೀರು ಬಿಟ್ಟು ಅಳತೆ ತೆಗೆಯುತ್ತಿದ್ದ. ಆಮೇಲೆ ಒಂದನೇ ಡಬ್ಬದಿಂದ ಹನ್ನೆರಡನೇ ಡಬ್ಬದವರೆಗೆ ಒಂದೊಂದರ ಮುಂದೆ ಕೂತು ಅಳುತ್ತಿದ್ದ. ಹುಲ್ಲು ಎಲ್ಲ ಕಡೆ ಒಂದೇ ಸಮ ಇತ್ತು. ಬಂಗಲೆಗೆ ಬಂದವರು ನೋಡಿ, ಯಾಕೆ ಅಂತ ಕೇಳಿದರೆ, "ಇಂಜಿನಿಯರಮ್ಮನ ಆರ್ಡರು" ಅನ್ನುತ್ತಿದ್ದ.

ಐದನೇ ತಿಂಗಳ ಒಂದನೇ ತಾರೀಕು ಅವನು ಗಾಬರಿಯಿಂದ ಓವರ್ಸಿಯರ ಹತ್ತಿರ ಬಂದ.

"ಸಾರ್, ಇವತ್ತು ಐದು ಡಬ್ಬದವರೆಗೆ ಬಂತು. ಆರನೇದಕ್ಕೆ ಬರ್ತಾನೇ ಇಲ್ಲ."

ಓವರ್ಸಿಯರು ಪುಸ್ತಕದಿಂದ ತಲೆ ಎತ್ತಲಿಲ್ಲ. "ಅದಕ್ಕೇನೋ ಗಾಬರಿ? ದಿನ ಕಳೆದ ಹಾಗೆ ಕಮ್ಮಿ ಆಗ್ತದೆ. ಕಾಲು ಸುತ್ತು ಬಿಚ್ಚಿ ನೋಡು, ಬರ್ತದೆ."

ಬಿಳಿಗ ಹುಲ್ಲಿನ ನಡುವೆ ಬಂದು ನಿಂತು ಯೋಚಿಸಿದ. ಅಂಗಿ ಮುಟ್ಟಿ ನೋಡಿಕೊಂಡ, ಸುತ್ತಿದ್ದು ಏನೂ ಇರಲಿಲ್ಲ. ಕಿವಿ ಮುಟ್ಟಿ ನೋಡಿಕೊಂಡ. ಆಮೇಲೆ ತಲೆಗೆ ಸುತ್ತಿದ್ದ ಅಪ್ಪನ ಟವೆಲನ್ನು ಸರಿಯಾಗಿ ಕಾಲು ಸುತ್ತು ಬಿಚ್ಚಿ, ಆರನೇ ಡಬ್ಬದ ಮುಂದೆ ಕೂತು ಕಾದ.